ತಿಗಣೆ ಮೇಡಂ

ತಿಗಣೆ ಕಾಟವಿದ್ದ ಕಟ್ಟಡಕ್ಕೆ ಮತ್ತೆ ಬಂದು ಎರಡನೇ ಮಹಡಿಯ ಮೆಟ್ಟಿಲು ಹತ್ತುವಾಗಲೇ ಕೀಟ ತಜ್ಞೆಯ ಮೂಗಿಗೆ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಅಡರಿತು. ಗೋದಾಮುಗಳಲ್ಲಿ ಹುಳು ಸಾಯಲೆಂದು ಕಾಳಿನ ಮೂಟೆಗಳ ನಡುವೆ ಇಡುವ ವಿಷದ ಮಾತ್ರೆಯ ವಾಸನೆ ಅದು. ಜನ ವಾಸವಿರುವ ಕಡೆ ಬರಲೇಬಾರದ್ದು.

"ಎಲ್ಲರೂ ಕೆಳಗಿಳೀರಿ. ಸಾಮಾನು ಬಿಡಿ, ಮಕ್ಕಳನ್ನ ಎತ್ಕೊಳ್ಳಿ," ಎನ್ನುತ್ತಾ ಒಂದೊಂದೇ ಬಾಗಿಲು ಬಡಿದಳು. ಎಲ್ಲವೂ ತೆರೆದವು, ಹೊಲಿಗೆಯಾಕೆಯ ಬಾಗಿಲೊಂದನ್ನು ಬಿಟ್ಟು.

ಅಗ್ನಿಶಾಮಕದವರು ಬಂದು ಅದನ್ನು ಮುರಿದರು. ಮಾತ್ರೆ ಇಟ್ಟಿದ್ದ ಮಲಗುವ ಕೋಣೆಯ ಬಾಗಿಲಿನ ಸಂದಿಗೆ ಟವೆಲ್ ತುರುಕಿ, ಆಕೆ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಅಷ್ಟು ಮಾಡಿದರೆ ಸಾಕು ಅಂದುಕೊಂಡಿದ್ದಿರಬೇಕು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಗಂಡ ದೂರದೂರಿಗೆ ಬಸ್ಸು ಓಡಿಸುವವನು. ಸುದ್ದಿ ತಲುಪಿದಾಗ ಅವನ ಬೆನ್ನಹಿಂದೆ ಬಸ್ಸಿನ ತುಂಬ ಜನರಿದ್ದರು.

ಹಿಂದಿನ ವಾರವಷ್ಟೇ ತಜ್ಞೆ ಆ ಮನೆಯ ಹಾಸಿಗೆಯ ಅಂಚು ಬಿಡಿಸಿ, ಅಲ್ಲಿ ಸಾಲಾಗಿ ಕೂತಿದ್ದ ತಿಗಣೆಗಳನ್ನು ಆಕೆಗೆ ತೋರಿಸಿದ್ದಳು.

"ಇದು ಕೊಳಕಿಗೆ ಬರೋ ಹುಳ ಅಲ್ಲಮ್ಮ, ಯಾರ ಮನೆಗಾದ್ರೂ ಬರುತ್ತೆ. ಬಿಸಿ ಹಬೆ ಕೊಟ್ರೆ ಸಾಯುತ್ತೆ. ಆದ್ರೆ ಉಳಿದ ಮೊಟ್ಟೆ ಒಡೆದ ಹಾಗೆಲ್ಲ ಮತ್ತೆ ಮತ್ತೆ ಕೊಡ್ತಾ ಇರ್ಬೇಕು. ಎರಡು ತಿಂಗಳಾದ್ರೂ ಹಿಡಿಯುತ್ತೆ."

"ಎರಡು ತಿಂಗಳು ನಂಗೆ ಬಟ್ಟೆ ಯಾರು ಕೊಡ್ತಾರೆ ಮೇಡಂ? ಕೊಟ್ಟಿದ್ದನ್ನೂ ವಾಪಸ್ ಇಸ್ಕೊಂಡು ಹೋದ್ರು. ನಾನು ಮೆಟ್ಟಿಲಲ್ಲಿ ಎದುರಾದ್ರೆ ಗೋಡೆಗೆ ಅಂಟ್ಕೋತಾರೆ."

ಅದೇ ದಿನ ಸಂಜೆ ಕಟ್ಟಡದ ಅಂಗಳದಲ್ಲಿ ಸಭೆ ನಡೆಯಿತು. 'ತಿಗಣೆ ಮೇಡಂ' ಏನು ಹೇಳುತ್ತಾಳೋ ಕೇಳಲು ಜನ ಕುರ್ಚಿ ಎಳೆದುಕೊಂಡು ಬಂದಿದ್ದರು. "ನಮ್ಮನೇಲಿ ನಮಗಿಂತ ಅವೇ ಜಾಸ್ತಿ ಮೇಡಂ, ಬಾಡಿಗೆ ಅವೇ ಕಟ್ಟಲಿ," ಎಂದು ಯಾರೋ ನಗಿಸಿದರು. ನಗು ಇಳಿದ ಮೇಲೆ ತಜ್ಞೆ ಮಾತ್ರೆಯ ವಿಷಯ ತೆಗೆದಳು. ಅದರ ಗಾಳಿ ಬಾಗಿಲು, ಗೋಡೆ ಯಾವುದನ್ನೂ ಕೇಳುವುದಿಲ್ಲ, ದಯವಿಟ್ಟು ಮುಟ್ಟಬೇಡಿ ಎಂದು ಬಿಡಿಸಿ ಹೇಳಿದಳು. ಹೇಳುತ್ತಲೇ ಅವಳ ಕಣ್ಣು ಹೊಲಿಗೆಯಾಕೆಯನ್ನು ಹುಡುಕಿತು.

"ಅವಳಿಗೆ ಕೆಲಸ ಇದೆಯಂತೆ. ನಾನೇ ಹೇಳ್ತೀನಿ ಬಿಡಿ," ಎಂದಳು ಎದುರುಮನೆಯಾಕೆ. ಕೆಲಸವೇ ಇಲ್ಲವೆಂದು ಮಧ್ಯಾಹ್ನ ಅತ್ತವಳಿಗೆ ಸಂಜೆಗೆ ಎಲ್ಲಿಂದ ಕೆಲಸ ಬಂತು ಎಂದು ತಜ್ಞೆಗೆ ಅನ್ನಿಸದೆ ಇರಲಿಲ್ಲ. ಆದರೆ ಕತ್ತಲಾಗುತ್ತಿತ್ತು. ಎರಡು ಮಹಡಿ ಹತ್ತಿ ಕರೆಯದೆ ಹೊರಟುಬಿಟ್ಟಳು.

ಸಾವಿನ ಕಾರ್ಯಗಳೆಲ್ಲ ಮುಗಿದ ಮೇಲೆ ಹೊಲಿಗೆಯಾಕೆಯ ಗಂಡನೇ ತಜ್ಞೆಯನ್ನು ಮನೆಗೆ ಕರೆಸಿದ. ಕಿಟಕಿಗಳೆಲ್ಲ ತೆರೆದಿದ್ದವು. ಎದುರುಮನೆಯಾಕೆ ತನ್ನ ಹೊಸ್ತಿಲಲ್ಲಿ ನಿಂತಿದ್ದಳು.

"ಆ ಮಾತ್ರೆ ಇಡ್ಬಾರ್ದು ಅಂತ ನೀವು ಹೇಳಿರ್ಲಿಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ದೆ. ಸಭೆಯಲ್ಲಿ. ಅವರು ಬಂದಿರಲಿಲ್ಲ."

"ಸಭೆ ಇತ್ತಾ?" ಎಂದ. "ಕೆಳಗೆ ಎಲ್ಲರೂ ನಗ್ತಾ ಇದಾರೆ, ಏನೋ ಗೊತ್ತಿಲ್ಲ ಅಂತ ಫೋನಲ್ಲಿ ಹೇಳಿದ್ಲು."

ತಜ್ಞೆ ತಿರುಗಿ ನೋಡಿದಾಗ ಎದುರುಮನೆಯಾಕೆ ತಲೆ ತಗ್ಗಿಸಿದಳು. ಅವನು ಹಾಸಿಗೆಯತ್ತ ಕೈ ತೋರಿಸಿದ. "ಅವಾದ್ರೂ ಸತ್ತಿವೆಯಾ ನೋಡಿ."

ತಜ್ಞೆ ಬಗ್ಗಿ ಅಂಚು ಬಿಡಿಸಿದಳು. ದೊಡ್ಡವು ಒಣಗಿ ಬಿದ್ದಿದ್ದವು. ಅವುಗಳ ನಡುವೆ ಆಗಷ್ಟೇ ಮೊಟ್ಟೆಯಿಂದ ಬಂದ ಬಿಳಿಯ ಮರಿಗಳು, ಎಳ್ಳಿಗಿಂತ ಸಣ್ಣವು, ಮೆಲ್ಲಗೆ ಹರಿಯುತ್ತಿದ್ದವು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ," ಎಂದಳು.

ಅವನು ತಲೆಯಾಡಿಸಿ, ಹಾಸಿಗೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಂದು ತುದಿ ಎತ್ತಿದ. ತಜ್ಞೆ ಇನ್ನೊಂದು ತುದಿ ಹಿಡಿದಳು. ಬಾಗಿಲು ದಾಟುವಾಗ ಅದು ನಡುವಿನಲ್ಲಿ ಜೋತುಬಿತ್ತು. ಎದುರುಮನೆಯಾಕೆ ಬಂದು, ಅವನ ಮುಖ ನೋಡದೆ, ಕೆಳಗಿನಿಂದ ಕೈಕೊಟ್ಟಳು. ಬೇಡವೆಂದು ಅವನು ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ಮೆಟ್ಟಿಲಿನ ತಿರುವಿನಲ್ಲಿ ಹಾಸಿಗೆ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಮೇಲೆ ಒಬ್ಬರು, ಕೆಳಗೆ ಒಬ್ಬರು, ನಡುವೆ ಒಬ್ಬರು, ಅದನ್ನು ಹೊತ್ತುಕೊಂಡೇ ನಿಂತರು.