ಪುಟ್ಟತಾಯಮ್ಮನ ಪಥ್ಯ

ಕಟ್ಟೆಮಳಲವಾಡಿಯ ಪುಟ್ಟತಾಯಮ್ಮ ಭೇದಿಗೆ ಕೊಡಸಿಗೆ ಮರದ ಚಕ್ಕೆಯ ಕಷಾಯ ಕೊಡುತ್ತಿದ್ದರು. ಮೊದಲು ಅವರ ಅತ್ತೆ ಕೊಡುತ್ತಿದ್ದರು, ಆಮೇಲೆ ಇವರು. ಕಾಸು ಮುಟ್ಟುತ್ತಿರಲಿಲ್ಲ. ಕೇಳುತ್ತಿದ್ದದ್ದು ಪಥ್ಯ ಮಾತ್ರ: ಕಷಾಯ ಕುಡಿದ ಮೇಲೆ ಹೊತ್ತು ಮುಳುಗುವವರೆಗೆ ಒಂದು ಗುಟುಕು ನೀರೂ ಕೊಡಕೂಡದು. ಕೊಟ್ಟರೆ ಮದ್ದು ತೊಳೆದುಹೋಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು.

ಕಳೆದ ಮಳೆಗಾಲದಲ್ಲಿ ಅವರ ಮೊಮ್ಮಗಳು ಪುಟ್ಟಿಗೆ ಭೇದಿಯಾಯಿತು. ಬೆಳಿಗ್ಗೆ ಕಷಾಯ ಕೊಟ್ಟು ಪಥ್ಯಕ್ಕೆ ಮಲಗಿಸಿದರು. ಸಂಜೆ ಹೊಲದಿಂದ ಬಂದ ಮಗ ರಘು ಮಗುವನ್ನು ಎತ್ತಿಕೊಂಡು ಹುಣಸೂರಿನ ಆಸ್ಪತ್ರೆಗೆ ಓಡಿದ. ದಾರಿಯಲ್ಲೇ ಮಗು ಹೋಯಿತು.

ಅಂದಿನಿಂದ ಪುಟ್ಟತಾಯಮ್ಮ ಯಾರಿಗೂ ಮದ್ದು ಕೊಡಲಿಲ್ಲ. ಮಾತಾಡಿಸಲು ಹೋಗಿದ್ದ ನನ್ನ ಕೈಗೆ ಒಂದು ದಿನ ಚಕ್ಕೆಯ ಗಂಟು ಇಟ್ಟರು.

“ನೀವು ಕಾಲೇಜ್ನಲ್ಲಿ ಗಿಡ ಮರದ ಪಾಠ ಮಾಡ್ದೋರು ಮೇಡಮ್ಮೋರೆ. ಇದ್ರಲ್ಲಿ ವಿಸ ಐತಾ ನೋಡ್ಸಿ. ಮಗೀನ ನಾನೇ ಕೊಂದ್ನಾ ಅಂತ ನಂಗೆ ಗೊತ್ತಾಗ್ಬೇಕು.”

ನನ್ನ ಹಳೆಯ ವಿದ್ಯಾರ್ಥಿನಿ ಚೈತ್ರ ಮೈಸೂರಿನ ಪ್ರಯೋಗಾಲಯವೊಂದರಲ್ಲಿದ್ದಾಳೆ. ತನ್ನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಪರೀಕ್ಷಿಸಿ ಫೋನ್ ಮಾಡಿದಳು.

“ವಿಷದ್ದೇನೂ ಸಿಗಲಿಲ್ಲ ಮೇಡಂ. ಗಾಜಿನ ತಟ್ಟೆಯಲ್ಲಿ ಈ ಕಷಾಯ ಹಾಕಿದ ಕಡೆ ಭೇದಿಯ ರೋಗಾಣು ಬೆಳೀಲಿಲ್ಲ. ಹೊಟ್ಟೆಯೊಳಗೂ ಹಂಗೇ ಆಗುತ್ತೆ ಅಂತ ಇಷ್ಟರಿಂದ ಹೇಳೋಕಾಗಲ್ಲ.” ಆಮೇಲೆ ಕೇಳಿದಳು, “ಮಗುಗೆ ನೀರು ಕೊಡ್ತಿದ್ರಾ? ಭೇದೀಲಿ ಮಕ್ಕಳು ಹೋಗೋದು ಮೈಯ ನೀರು ಆರಿಹೋಗಿ.”

ನಾನು ಹೋದಾಗ ಜಗಲಿಯ ಮೇಲೆ ರುಬೀನಾ ಪುಟ್ಟತಾಯಮ್ಮನ ತಲೆ ಬಾಚುತ್ತಿದ್ದಳು. ಹುಣಸೂರಿನ ಟೈಲರೊಬ್ಬನ ಹೆಂಡತಿ. ಅವಳ ಮಗ ನೂಮಾನ್ ಇಲ್ಲಿಯ ಕಷಾಯ ಕುಡಿದು ಎದ್ದವನು. ಆಮೇಲೆ ತನ್ನ ಬೀದಿಯ ತಾಯಂದಿರನ್ನೆಲ್ಲ ಇಲ್ಲಿಗೆ ಕರೆತಂದವಳು ಅವಳೇ. ಪುಟ್ಟಿ ಹೋದ ಮೇಲೆ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾಳೆ. ಸಮಾಧಾನ ಹೇಳಲು ಹೋಗುವುದಿಲ್ಲ, ಎಣ್ಣೆ ಹಚ್ಚಿ ತಲೆ ಬಾಚಿ ಹೋಗುತ್ತಾಳೆ.

“ಚಕ್ಕೆ ಪಾಸೋ ಫೇಲೋ ಯೋಳಿ” ಎಂದರು ಪುಟ್ಟತಾಯಮ್ಮ.

“ವಿಷ ಇಲ್ಲ” ಎಂದೆ.

ಅವರು ಉಸಿರು ಬಿಟ್ಟರು. ಅಲ್ಲಿಗೇ ನಿಲ್ಲಿಸೋಣ ಅನ್ನಿಸಿತು. ಆದರೆ ನಾಳೆ ಮತ್ತೆ ಮದ್ದು ಕೊಡುತ್ತಾರೆ, ಮತ್ತೆ ಪಥ್ಯ ಹೇಳುತ್ತಾರೆ. ನೀರಿನ ವಿಷಯವನ್ನೂ ಹೇಳಿದೆ.

“ಅದೆಂಗಾದದು? ಇವ್ಳ ಮಗೀಗೂ ನೀರು ಕೊಟ್ಟಿರ್ನಿಲ್ಲ. ಉಳೀನಿಲ್ವಾ? ಯೋಳವ್ವ ರುಬೀನಾ.”

ಬಾಚಣಿಗೆ ನಿಂತಿತು.

“ಕೊಟ್ಟಿದ್ದೆ ಅಜ್ಜಿ” ಎಂದಳು ರುಬೀನಾ. “ಬಸ್ ಸ್ಟಾಂಡಲ್ಲೇ ಕೊಟ್ಬಿಟ್ಟೆ. ಅಳ್ತಿದ್ದ. ನೀವು ಕೇಳ್ದಾಗ ಇಲ್ಲ ಅಂದೆ. ಕಾಸೂ ಮುಟ್ದೆ ಮದ್ದು ಕೊಡ್ತೀರಿ, ನಿಮ್ಮಾತು ಮೀರ್ದೆ ಅಂತ ಹೆಂಗ್ ಹೇಳ್ಲಿ?”

ಪುಟ್ಟತಾಯಮ್ಮ ಬೈಯಲಿಲ್ಲ. ಕೈ ಹಿಂದಕ್ಕೆ ಚಾಚಿ ರುಬೀನಾಳ ಮೊಣಕಾಲು ಸವರಿದರು. “ಒಳ್ಳೇದ್ ಮಾಡ್ದೆ ಬುಡು ಮಗ.”

ತಿರುಗಿ ನೋಡಿ ಕೇಳಿದರು, “ಮಿಕ್ಕೋರು? ನೀ ಕರ್ಕ ಬಂದೋರು? ಅವ್ರೂ ಕೊಟ್ಟಿದ್ರಾ?”

ರುಬೀನಾ ಕಣ್ಣೊರೆಸಿಕೊಂಡು ಜಡೆ ಹೆಣೆಯತೊಡಗಿದಳು.

“ಪುಟ್ಟೀಗೂ ಕೊಡಕೆ ಬಂದಿದ್ಳು ಕಣವ್ವ, ನನ್ ಸೊಸೆ” ಎಂದರು ಪುಟ್ಟತಾಯಮ್ಮ. “ಚೊಂಬಲ್ಲಿ ತಂದಿದ್ಳು. ನಾನೇ ಈಸ್ಕಂಡು ಒಳಗ್ ಮಡಗ್ದೆ.”