ಅಂಗೈ ಮೇಲೆ ಕೂತವಳು

ದೊಡ್ಡ ಟೀಚರ್ ಬಾಗಿಲ ಗಾಜನ್ನು ಇನ್ನೊಮ್ಮೆ ಒರೆಸಿದಳು. ಕಲೆ ಆಗಲೇ ಹೋಗಿತ್ತು. ಕಣ್ಣು ಮಾತ್ರ ಅಲ್ಲಿಂದ ಹೋಗಲೊಲ್ಲದು.

ಒಳಗೆ ಗುಬ್ಬಿ ಓದುತ್ತಿದ್ದಳು. ಅಕ್ಷರಗಳು ಕುಣಿಯುತ್ತವೆ ಎಂದು ಅಳುತ್ತ, ಪುಸ್ತಕ ಕಂಡರೆ ಮೇಜಿನಡಿ ಸೇರಿಕೊಳ್ಳುತ್ತಿದ್ದ ಹುಡುಗಿ. ಅವಳನ್ನು ಅಲ್ಲಿಂದ ಹೊರಗೆ ಕರೆದು, ಮಡಿಲಲ್ಲಿ ಕೂರಿಸಿಕೊಂಡು, ಮರಳಿನ ತಟ್ಟೆಯಲ್ಲಿ ಬೆರಳು ಹಿಡಿದು ತೀಡಿಸಿದವಳು ದೊಡ್ಡ ಟೀಚರ್. ವರ್ಷಗಟ್ಟಲೆ ಹೆಣಗಿ ಎರಡು ಸಾಲಿನವರೆಗೆ ತಂದಿದ್ದಳು. ಮೊಣಕಾಲಿನ ಆಪರೇಷನ್ನಿಗೆ ರಜೆ ಹಾಕಿದ್ದೇ ತಪ್ಪಾಯಿತು. ವಾಪಸು ಬರುವಷ್ಟರಲ್ಲಿ ಹುಡುಗಿ ಇಡೀ ಪುಟ ಓದುತ್ತಿದ್ದಾಳೆ, ನಿನ್ನೆ ಮೊನ್ನೆ ಸೇರಿದ ಚಿಕ್ಕ ಟೀಚರ್ ಎದುರು.

"ಗಾಜು ಸವೆದುಹೋಗತ್ತೆ ಟೀಚರ್, ನನ್ ಕೆಲ್ಸ ನಂಗೇ ಬಿಡಿ," ಎಂದಳು ಬಕೆಟ್ ಹಿಡಿದು ಬಂದ ಆಯಾ.

"ಎಷ್ಟು ಒರೆಸಿದ್ರೂ ಮಸುಕು ಕಣೇ."

"ಹೊಟ್ಟೇಲಿ ಹೊಗೆ ಎದ್ರೆ ಗಾಜು ಮಸುಕಾಗದೆ ಇನ್ನೇನು?"

ಒಳಗೆ ಗುಬ್ಬಿ ಒಂದು ಪದದಲ್ಲಿ ತಡವರಿಸಿ ನಿಂತಳು. ಚಿಕ್ಕ ಟೀಚರ್ ತುಟಿ ಬಿಚ್ಚಲಿಲ್ಲ. ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟು, ಅವುಗಳ ಮೇಲೇ ಕೂತು, ಗೋಡೆಯ ಗಡಿಯಾರ ನೋಡುತ್ತಿದ್ದಳು. ಬಸ್ಸಿಗೆ ಕಾಯುವವಳ ಹಾಗೆ! ಇದಕ್ಕೆ ಪಾಠ ಅಂತಾರಾ? ಮಗು ಮುಳುಗುತ್ತಿದ್ದರೆ ಇವಳು ದಡದಲ್ಲಿ ಕೂತು ಗಾಳಿ ಸೇವಿಸುತ್ತಾಳೆ. ದೊಡ್ಡ ಟೀಚರ್ ಹೊರಗಿನಿಂದಲೇ ಆ ಪದವನ್ನು ಪಿಸುಗುಟ್ಟಿದಳು. ಅಷ್ಟರಲ್ಲಿ ಗುಬ್ಬಿ ತಾನೇ ಅದನ್ನು ತುಂಡು ತುಂಡಾಗಿ ಜೋಡಿಸಿ ಮುಂದೆ ಹೋಗಿಯಾಗಿತ್ತು.

ಬಾಗಿಲು ತೆರೆದು ಚಿಕ್ಕ ಟೀಚರ್ ಹೊರಗೆ ಬಂದಳು. "ಅಯ್ಯೋ ಅಕ್ಕಾ, ಯಾವಾಗ ಬಂದ್ರಿ? ಕಾಲು ಹೇಗಿದೆ? ಬನ್ನಿ, ಗುಬ್ಬಿ ಇನ್ಮೇಲೆ ಮತ್ತೆ ನಿಮ್ಮವಳು."

"ನಿನ್ನವಳು ಯಾವಾಗ ಆಗಿದ್ಲು?"

ಚಿಕ್ಕ ಟೀಚರ್ ಮುಖ ಸಣ್ಣದಾಯಿತು. ದೊಡ್ಡ ಟೀಚರ್ ಕುಂಟುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಡೀ ಪುಟ ತನ್ನೆದುರೂ ಓದಲಿ, ಒಂದೇ ಒಂದು ಸಲ. ಅಷ್ಟಾದರೆ ಸಾಕಿತ್ತು ಅವಳಿಗೆ.

"ಟೀಚರ್! ಕಾಲೊಳಗೆ ಸ್ಟೀಲ್ ಹಾಕಿದಾರಂತೆ?"

"ಹೂಂ ಮರಿ. ಮಳೇಲಿ ನೆನೆದ್ರೆ ತುಕ್ಕು ಹಿಡಿಯತ್ತೆ."

ಗುಬ್ಬಿ ಕಿಲಕಿಲ ನಕ್ಕು ಪುಸ್ತಕ ಬಿಡಿಸಿದಳು. ಬೆಕ್ಕೊಂದು ಅಂಗಡಿಗೆ ನುಗ್ಗಿದ ಕತೆ. ಒಂದು ಸಾಲು, ಎರಡು ಸಾಲು ಸರಾಗವಾಗಿ ಹೋದವು. ಮೂರನೆಯದರಲ್ಲಿ, 'ಮೂಲೆಯಲ್ಲಿ' ಎಂಬಲ್ಲಿ, ಬೆರಳು ನಿಂತಿತು.

ಹುಡುಗಿ ತಲೆಯೆತ್ತಿದಳು. ಅವಳ ಕಣ್ಣು ಸೀದಾ ಬಂದು ದೊಡ್ಡ ಟೀಚರ್ ತುಟಿಯ ಮೇಲೆ ಕೂತಿತು. ಆ ತುಟಿಗಳು ಆಗಲೇ ಒಂದಕ್ಕೊಂದು ಅಂಟಿ, ಮುಂದೆ ಚಾಚಿ, ಉರುಟಾಗಿದ್ದವು. ತಾನು ಯಾವಾಗ ಹಾಗೆ ಮಾಡಿದೆನೆಂದು ಅವಳಿಗೇ ತಿಳಿಯಲಿಲ್ಲ.

"ಮೂ..." ಎಂದಳು ಗುಬ್ಬಿ, ಪುಸ್ತಕ ನೋಡದೆ.

ದೊಡ್ಡ ಟೀಚರ್ ತುಟಿಗಳನ್ನು ಒಳಗೆಳೆದುಕೊಂಡಳು. ಆ ನೋಟ ಅವಳಿಗೆ ಹೊಸದಲ್ಲ. ಇಷ್ಟು ವರ್ಷ ಅದನ್ನೇ ಪ್ರೀತಿ ಅಂದುಕೊಂಡಿದ್ದಳು.

ಕೈಗಳನ್ನು ತೊಡೆಯಡಿ ಸೇರಿಸಲು ನೋಡಿದಳು. ಗಾಜಿನಾಚೆ ಚಿಕ್ಕ ಟೀಚರ್ ನಿಂತಿದ್ದುದು ಕಂಡಿತು. ಕೈ ಹೊರಗೆ ಬಂತು.

"ಕಷ್ಟ ಆಯ್ತಾ ಕಂದಾ?" ಎಂದು ಮುಂದಕ್ಕೆ ಬಾಗಿದಳು. "ಇಲ್ನೋಡು, ನಾನು ಹೇಳ್ಕೊಡ್ತೀನಿ."

ಗುಬ್ಬಿ ಪುಸ್ತಕವನ್ನು ಎತ್ತಿ, ಇಬ್ಬರ ಮುಖಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡಳು.

"ಬೇಡ," ಎಂದಳು ಅದರ ಹಿಂದಿನಿಂದ.