ಅದೇ, ಅಂಥದ್ದೇ, ಬೇರೆ

ನಮ್ಮ ಕಂಪನಿಯಲ್ಲಿ ಲಿಫ್ಟುಗಳ ಕಂಟ್ರೋಲ್ ಬೋರ್ಡು ತಯಾರಿಸುತ್ತೇವೆ. ಪ್ರತಿ ಬೋರ್ಡಿನಲ್ಲೂ ಎಂಟು ಕಾಲಿನ ಒಂದು ಫ್ಲ್ಯಾಶ್ ಚಿಪ್ ಇರುತ್ತದೆ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಲಿಫ್ಟು ಯಾವ ಮಹಡಿಯಲ್ಲಿ ನಿಂತಿದೆ ಎಂದು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಕರೆಂಟು ಹೋದರೂ ಮರೆಯುವುದಿಲ್ಲ. ಹದಿನೇಳು ವರ್ಷ ಒಬ್ಬರೇ ತಯಾರಕರ ಚಿಪ್ ಹಾಕುತ್ತಿದ್ದೆವು. ಈ ವರ್ಷ ಅವರು, ಇನ್ನು ಮುಂದೆ ಅದನ್ನು ಮಾಡುವುದಿಲ್ಲವೆಂದು ಒಂದು ಪುಟದ ಕಾಗದ ಕಳಿಸಿದರು. ಕೊನೆಯಲ್ಲಿ ಧನ್ಯವಾದಗಳು ಎಂದಿತ್ತು.

ಬದಲಿ ಚಿಪ್ ಹುಡುಕುವ ಕೆಲಸ ಭಾವನ ತಲೆಗೆ ಬಿತ್ತು. ಭಾವ ಎಂದರೆ ನನ್ನ ಅಕ್ಕನ ಗಂಡ, ಖರೀದಿ ವಿಭಾಗದವರು. ನಾನು ಅದೇ ಕಂಪನಿಯ ಟೆಸ್ಟ್ ರೂಮಿಗೆ ಈಚೆಗಷ್ಟೇ ಸೇರಿದವಳು. ಇರುವುದು ಅವರ ಮನೆಯ ಮುಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜು ಮತ್ತು ಅಕ್ಕನ ಮಗಳ ಮೂರು ಚಕ್ರದ ಸೈಕಲ್ಲಿನ ಜೊತೆ.

ಬದಲಿ ಬಿಡಿಭಾಗಕ್ಕೆ ನಮ್ಮಲ್ಲಿ ಒಂದು ಫಾರಂ ಇದೆ. ಅದರಲ್ಲಿ ಮೂರು ಚೌಕ: ಅದೇ, ಅಂಥದ್ದೇ, ಬೇರೆ. 'ಅದೇ' ಎಂದರೆ ನೇರವಾಗಿ ಬೋರ್ಡಿಗೆ. 'ಅಂಥದ್ದೇ' ಎಂದರೆ ಟೆಸ್ಟ್ ರೂಮಿನವರು ಒಪ್ಪುವ ತನಕ ತಯಾರಿಕೆ ಬಂದ್. 'ಬೇರೆ' ಎಂಬ ಚೌಕಕ್ಕೆ ಗುರುತು ಹಾಕಿದವರನ್ನು ನಾನು ಕಂಡಿಲ್ಲ. ಭಾವ 'ಅದೇ'ಗೆ ಗುರುತು ಹಾಕಿ, ಒಂದು ವರ್ಷಕ್ಕೆ ಸಾಲುವಷ್ಟು ಚಿಪ್ ತರಿಸಿದರು. ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತಿಗೆ ಸಹಿ ಹಾಕಿಯೇ ತರಿಸಿದರು. ಹೋದ ವರ್ಷ ಅರ್ಧ ಮಿಲಿಮೀಟರ್ ಗಿಡ್ಡ ಸ್ಕ್ರೂ ತರಿಸಿದ್ದಕ್ಕೆ ಅವರಿಗೆ ಎಚ್ಚರಿಕೆ ಪತ್ರ ಸಿಕ್ಕಿತ್ತು. ಇಂಥ ಇನ್ನೊಂದು ತಪ್ಪಾದರೆ ಕೆಲಸವಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅಕ್ಕ ಆ ಪತ್ರವನ್ನು ಮನೆಯ ಬಾಡಿಗೆ ಕರಾರಿನ ಜೊತೆ ಇಟ್ಟಿದ್ದಳು.

ಹೊಸ ಚಿಪ್ಪನ್ನು ಪರೀಕ್ಷಿಸು ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ವಾರ ನನಗೆ ಕೆಲಸವಿರಲಿಲ್ಲ, ಅಷ್ಟೇ. ಒಂದು ಚಿಪ್ಪನ್ನು ಮೇಜಿನ ಮೇಲೆ ಕೂರಿಸಿ, ಅಳಿಸು, ಬರೆ, ಅಳಿಸು, ಬರೆ ಎಂದು ಎರಡು ದಿನ ಬಿಡದೆ ದುಡಿಸಿದೆ. ವರ್ಷಗಟ್ಟಲೆ ಓಡಿದ ಲಿಫ್ಟಿನಷ್ಟು ಅದು ಸವೆಯಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಬರೆದದ್ದು ಇರಲಿಲ್ಲ.

ಎರಡೂ ಚಿಪ್ಪಿನ ವಿವರಪಟ್ಟಿ ಹಿಡಿದು ಖರೀದಿ ವಿಭಾಗಕ್ಕೆ ಹೋದೆ. ಭಾವ ಫೋನಿನಲ್ಲಿ ಯಾರನ್ನೋ ಅಣ್ಣ ಅಣ್ಣ ಎಂದು ಪುಸಲಾಯಿಸುತ್ತಿದ್ದರು. ಮುಗಿಯುವ ತನಕ ನಿಂತೆ.

"ಭಾವ, ಈ ಚಿಪ್ಪನ್ನ ಯಾವ ಲೆಕ್ಕದಲ್ಲಿ 'ಅದೇ' ಅಂದ್ರಿ?"

"ಕಾಲು ಎಂಟು. ಅಳತೆ ಒಂದೇ. ಹಾಕಿ ನೋಡ್ದೆ, ಹಾಗೇ ಕೂತ್ಕೊಂಡಿತು. ಮೇಲಾಗಿ ಇದು ಹಳೇದಕ್ಕಿಂತ ಫಾಸ್ಟು ಕಣೆ. ಅಳಿಸೋಕೆ ಅದಕ್ಕೆ ತೊಂಬತ್ತು ಮಿಲಿಸೆಕೆಂಡು, ಇದಕ್ಕೆ ನಲವತ್ತೈದು. ನಾನೇ ನೋಡಿದೀನಿ."

ನೋಡಿದ್ದು ನಿಜ. ಹಳೆಯ ತಯಾರಕರು 'ಹೆಚ್ಚೆಂದರೆ' ಎಂಬ ಒಂದೇ ಅಂಕಿ ಕೊಟ್ಟಿದ್ದರು. ಹೊಸಬರು ಎರಡು ಕೊಟ್ಟಿದ್ದರು, 'ಸಾಮಾನ್ಯವಾಗಿ' ಮತ್ತು 'ಹೆಚ್ಚೆಂದರೆ'. ಭಾವ ಅದರ 'ಹೆಚ್ಚೆಂದರೆ' ಅಂಕಿಗೆ ಇದರ 'ಸಾಮಾನ್ಯವಾಗಿ' ಅಂಕಿಯನ್ನು ಹೋಲಿಸಿದ್ದರು. ಪಕ್ಕದ ಅಂಕಿಯ ಮೇಲೆ ಬೆರಳಿಟ್ಟೆ. ನಾನೂರು.

ಭಾವ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ನಾನೂರು ನಾನೂರೇ ಆಗಿತ್ತು.

"ಆಗ್ಲಿ ಬಿಡು, ಸ್ವಲ್ಪ ನಿಧಾನ. ನಿಧಾನ ಆದ್ರೆ ಏನಾಯ್ತೀಗ?"

ಟೆಸ್ಟ್ ರೂಮಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅಲ್ಲಿ ಹತ್ತು ಬಲ್ಬುಗಳ ಒಂದು ಹಲಗೆ ಇದೆ, ಅದೇ ನಮ್ಮ ಲಿಫ್ಟು. ಬೋರ್ಡು ಚಿಪ್ಪಿಗೆ ಅಳಿಸು ಎನ್ನುತ್ತದೆ, ನೂರು ಮಿಲಿಸೆಕೆಂಡು ಕಾಯುತ್ತದೆ, ಅಳಿಸಿ ಮುಗಿಯಿತೇ ಎಂದು ಕೇಳದೆ ಬರೆಯಲು ಹೋಗುತ್ತದೆ. ಚಿಪ್ ಇನ್ನೂ ಅಳಿಸುತ್ತಿದ್ದರೆ ಬರೆದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸವೆದಷ್ಟೂ ಅಳಿಸುವುದು ನಿಧಾನ. ನಾನು ಸವೆಸಿದ್ದ ಚಿಪ್ಪನ್ನೇ ಬೋರ್ಡಿಗೆ ಹಾಕಿ, ಐದನೇ ಬಲ್ಬು ಉರಿಯುತ್ತಿರುವಾಗ ಕರೆಂಟು ತೆಗೆದು ಮತ್ತೆ ಕೊಟ್ಟೆ. ಜಾಗ ಖಾಲಿ ಕಂಡ ಬೋರ್ಡು ತಾನು ನೆಲಮಹಡಿಯಲ್ಲಿದ್ದೇನೆ ಎಂದುಕೊಂಡಿತು. ಒಂಬತ್ತನೇ ಮಹಡಿಯ ಗುಂಡಿ ಒತ್ತಿದೆ. ಅದು ಇನ್ನೂ ಒಂಬತ್ತು ಮಹಡಿ ಮೇಲೆ ಹೊರಟಿತು. ಹಲಗೆಯಲ್ಲಿ ಅಷ್ಟು ಬಲ್ಬಿರಲಿಲ್ಲ.

"ಮೇಲೆ ತಡೆಯೋ ಸ್ವಿಚ್ ಇರುತ್ತಲ್ಲ?" ಎಂದರು ಭಾವ.

"ಇರುತ್ತೆ. ಒಳಗಿರೋರು ಅಲ್ಲಿ ಸಿಕ್ಕಿಹಾಕ್ಕೊಂಡು ಕೂಗ್ತಿರ್ತಾರೆ."

"ಈಗಷ್ಟೇ ಹಾಕಿದ ಚಿಪ್ಪಲ್ಲಿ ಹೀಗಾಗಲ್ಲ ತಾನೆ?"

"ಈಗಷ್ಟೇ ಹಾಕಿದ್ರಲ್ಲಿ ಆಗಲ್ಲ. ಸವೆದ ಮೇಲೆ ಆಗುತ್ತೆ."

"ಅಷ್ಟೊತ್ತಿಗೆ ನಾನು ಈ ಕಂಪನೀಲಿ ಇರ್ತೀನೋ ಇಲ್ವೋ."

"ಲಿಫ್ಟು ಇರುತ್ತೆ ಭಾವ."

ಫಾರಂ ತಿದ್ದಿ 'ಅಂಥದ್ದೇ' ಮಾಡಬೇಕು ಎಂದೆ. ಅವರು ಎದ್ದು ಹೋದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಅಕ್ಕನಿಗೆ ವಿಷಯ ಗೊತ್ತಾಗಿತ್ತು. ಇಸ್ತ್ರಿ ಮಾಡುತ್ತಿದ್ದಳು. ಅಂಗಿಗಿಂತ ಮೇಜಿಗೇ ಹೆಚ್ಚು ಪೆಟ್ಟು ಬೀಳುತ್ತಿತ್ತು.

"ಎಷ್ಟೇ ವ್ಯತ್ಯಾಸ, ಅದಕ್ಕೂ ಇದಕ್ಕೂ?"

"ಕಣ್ಣು ಮಿಟುಕಿಸೋಷ್ಟು."

"ಕಣ್ಣು ಮಿಟುಕಿಸೋಷ್ಟಕ್ಕೆ ನನ್ನ ಗಂಡನ ಕೆಲಸ ತೆಗಿತೀಯಾ? ಅದೂ ನಮ್ಮನೇಲೇ ಕೂತ್ಕೊಂಡು?"

"ಜನ ಸಿಕ್ಕಿಹಾಕ್ಕೊಳ್ತಾರೆ ಕಣೆ ಅಕ್ಕ."

"ಮೆಟ್ಟಿಲು ಹತ್ತಲಿ."

ಭಾವ ಮಗಳ ಸೈಕಲ್ಲಿನ ಚಕ್ರ ತಿರುಗಿಸುತ್ತ ಮೂಲೆಯಲ್ಲಿ ಕೂತಿದ್ದರು. ಫಾರಂ ತಿದ್ದಲೇಬೇಕು ಎಂದು ನಾನು ಎರಡು ಸಲ ಹೇಳಿದೆ, ಮೂರನೆಯ ಸಲ ಅಕ್ಕ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. ಸರಿ, ತಿದ್ದು ಎಂದಳು. ಆದರೆ ತಪ್ಪು ಹಿಡಿದವರು ಯಾರು ಎಂದೂ ಫಾರಮ್ಮಿನಲ್ಲಿ ಕೇಳುತ್ತಾರಲ್ಲ, ಅಲ್ಲಿ ಭಾವನ ಹೆಸರು ಬರೆ. ತನ್ನ ತಪ್ಪನ್ನು ತಾನೇ ಹಿಡಿದವನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ ಎಂಬುದು ಅವಳ ಲೆಕ್ಕ. ಅಕ್ಕ ಕಂಪನಿಯೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ.

"ಬರೀತೀನಿ. ಆದ್ರೆ ಅಜ್ಜ ಕೇಳಿದ್ರೆ ಭಾವನೇ ವಿವರಿಸಬೇಕು" ಎಂದೆ.

ಅಜ್ಜ ಎಂದರೆ ನಮ್ಮ ಮುಖ್ಯ ಎಂಜಿನಿಯರು. ಬೆನ್ನ ಹಿಂದೆ ಮಾತ್ರ ಅಜ್ಜ, ಎದುರಿಗೆ ಸಾರ್. ಆ ಬೋರ್ಡಿನ ಪ್ರೋಗ್ರಾಂ ಹದಿನೇಳು ವರ್ಷದ ಹಿಂದೆ ಅವರೇ ಬರೆದದ್ದು, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿ ಭಾವನಿಗೆ ಒಂದು ಗಂಟೆ ಪಾಠ ಹೇಳಿದೆ. ಅಕ್ಕ ನಡುನಡುವೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದಳು. ಆಮೇಲೆ ಆ ಖಾನೆಯಲ್ಲಿ ಅವರ ಹೆಸರು ಬರೆದೆ. ಸುಳ್ಳು ಎಂದು ಗೊತ್ತಿದ್ದೇ ಬರೆದೆ.

ಮರುದಿನ ಹನ್ನೊಂದಕ್ಕೆ ಮೀಟಿಂಗು. ಅಜ್ಜ ಫಾರಂ ಓದಿ, "ಏನ್ರೀ ಇದು?" ಎಂದರು. ಭಾವ ಎದ್ದು ನಿಂತರು. ನಾನು ಹೇಳಿಕೊಟ್ಟದ್ದರಲ್ಲಿ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ.

"ಸಾರ್, ಇದು ಬಾತ್‌ರೂಮಿನ ಹೊರಗೆ ನೂರು ಎಣಿಸಿ ಒಳಗೆ ನುಗ್ಗೋ ಹಾಗೆ. ಇಷ್ಟು ವರ್ಷ ಒಳಗಿದ್ದೋರು ತೊಂಬತ್ತಕ್ಕೇ ಹೊರಗೆ ಬರ್ತಿದ್ರು, ಗೊತ್ತಾಗ್ಲಿಲ್ಲ. ಈಗ ಬಂದಿರೋರು ಬೇಗ ಮುಗಿಸ್ತಾರೆ, ಆದ್ರೆ ವಯಸ್ಸಾದ ಮೇಲೆ ನಾನೂರಾದ್ರೂ ಆಗ್ಬಹುದು. ನಾನು ಅವರ ಪ್ರಾಯದ ಲೆಕ್ಕ ನೋಡಿ ಒಳಗೆ ಕಳಿಸಿಬಿಟ್ಟೆ. ತಪ್ಪು ನಂದೇ."

ಅಜ್ಜ ಫಾರಮ್ಮಿನಿಂದ ತಲೆ ಎತ್ತಿದರು.

"ನೂರು ಎಣಿಸಿ ಅಂತ ಬರೆದೋನು ನಾನು."

ಅವರು ಫಾರಂ ಮೇಜಿನ ಮೇಲಿಟ್ಟರು.

"ಬಾಗಿಲು ತಟ್ಟಿ ಕೇಳಬೇಕಿತ್ತು, ಅಲ್ವಾ?"

"ಕೇಳಿದ್ರೆ ಒಳ್ಳೇದಿತ್ತು ಸಾರ್" ಎಂದರು ಭಾವ.

ಅಜ್ಜ ಅಂದು ಮಧ್ಯಾಹ್ನವೇ ಕೂತು ಪ್ರೋಗ್ರಾಂ ತಿದ್ದಿದರು. ಅಳಿಸಿಯಾಯಿತೇ ಎಂದು ಚಿಪ್ಪನ್ನೇ ಕೇಳುವ ಮೂರು ಸಾಲು. ತಯಾರಿಕೆ ಹದಿನೈದು ದಿನ ನಿಂತಿತು. ನಾನು ಹದಿನಾಲ್ಕು ಚಿಪ್ಪುಗಳನ್ನು ಸವೆಸಿ ನೋಡಿದೆ, ಒಂದೂ ಮರೆಯಲಿಲ್ಲ. ಭಾವ ತರಿಸಿದ್ದ ಚಿಪ್ಪೆಲ್ಲ ಬೋರ್ಡು ಸೇರಿದವು.

ಭಾವನನ್ನು ಖರೀದಿಯಿಂದ ತೆಗೆದರು. ಇಂಥ ಸೂಕ್ಷ್ಮ ತಪ್ಪು ಹಿಡಿದು ಎಲ್ಲರಿಗೂ ಅರ್ಥವಾಗುವಂತೆ ಹೇಳಬಲ್ಲವರು ಗುಣಮಟ್ಟ ವಿಭಾಗದಲ್ಲಿರಬೇಕು ಎಂದರು ಅಜ್ಜ. ಟೆಸ್ಟ್ ರೂಮು ಆ ವಿಭಾಗದ ಕೆಳಗೆ ಬರುತ್ತದೆ.

ಮುಂದಿನ ತಿಂಗಳು ನಾನು ಸೇರಿ ಆರು ತಿಂಗಳಾಯಿತು. ಕೆಲಸ ಕಾಯಂ ಮಾಡಬೇಕೋ ಬೇಡವೋ ಎಂದು ದಾಖಲೆ ನೋಡುವ ಹೊತ್ತು. ಆ ದಿನ ಸಂಜೆ ಭಾವ ಒಂದು ಲಕೋಟೆ ತಂದು ಇಸ್ತ್ರಿ ಮೇಜಿನ ಮೇಲಿಟ್ಟರು. ಚಪ್ಪಲಿ ಬಿಡಲೂ ನೆನಪಿರಲಿಲ್ಲ ಅವರಿಗೆ.

"ಇನ್ನಾರು ತಿಂಗಳು ನೋಡೋಣ ಅಂತ ಆಯ್ತು. ನಾನೇ ಸಹಿ ಹಾಕಬೇಕಾಯ್ತು ಕಣೆ. ಏನ್ಮಾಡ್ಲಿ, ಆರು ತಿಂಗಳಲ್ಲಿ ನಿನ್ನ ಹೆಸರಲ್ಲಿ ಒಂದೂ ದೋಷ ಪತ್ತೆಯಾಗಿಲ್ಲ."

ಅಕ್ಕ ಪತ್ರ ತೆಗೆದು ಪೂರ್ತಿ ಓದಿದಳು. ನಂತರ ನನ್ನನ್ನು ನೋಡಿದಳು.

"ಸ್ವಲ್ಪ ಚುರುಕಾಗಬೇಕು ನೀನು" ಎಂದಳು.